ಪಿಸ್ತೂಲಿನ ಉಗ್ರಾಣ: ಸ್ಪರ್ಧೆಗೆ ಮ್ಯಾಗಜಿನ್ ಆರಿಸುವ ಬಗೆ

ಮ್ಯಾಗಜಿನ್ ಎಂದೊಡನೆ ನಿಮ್ಮ ಮನಸ್ಸಿಗೆ ಬರುವುದು ಈಗ ನೀವು ಕೈಯಲ್ಲಿ ಹಿಡಿದಿರುವಂಥ ಮಾಸಪತ್ರಿಕೆ. ಅದು ಸಹಜವೇ. ಆದರೆ ಆ ಮಾತು ಹುಟ್ಟಿದ್ದು ಅರಬ್ಬಿ ಭಾಷೆಯಲ್ಲಿ. ಅಲ್ಲಿ ಅದಕ್ಕೆ ಉಗ್ರಾಣವೆಂದು ಅರ್ಥ. ಯೂರೋಪಿನವರು ಅದನ್ನು ಎರವಲು ಪಡೆದು ಮದ್ದುಗುಂಡು ಕೂಡಿಡುವ ಕಟ್ಟಡಕ್ಕೆ ಇಟ್ಟರು. ಶ್ರೀರಂಗಪಟ್ಟಣಕ್ಕೆ ಹೋಗಿ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನು ನೋಡಿ ಬಂದವರು ಆ ಅರ್ಥದ ಮ್ಯಾಗಜಿನ್ನನ್ನು ಕಣ್ಣಾರೆ ಕಂಡವರೇ. ೧೭೩೧ರಲ್ಲಿ ಲಂಡನ್ನಿನಲ್ಲಿ 'ಜೆಂಟಲ್‌ಮನ್ಸ್ ಮ್ಯಾಗಜಿನ್' ಹೊರಟಾಗ, ಬರಹಗಳ ಉಗ್ರಾಣ ಎಂಬ ಭಾವದಿಂದ ಪತ್ರಿಕೆಗೂ ಆ ಹೆಸರು ಬಂತು. ಪಿಸ್ತೂಲಿನ ಹಿಡಿಯೊಳಗೆ ತೂರಿಸುವ, ತೋಟಾಗಳನ್ನು ತುಂಬಿದ ಸಣ್ಣ ಡಬ್ಬಿಗೂ ಅದೇ ಹೆಸರು. ಈ ಡಬ್ಬಿಯ ವಿಚಾರವನ್ನೇ ಈ ತಿಂಗಳು ನಿಮ್ಮ ಮುಂದೆ ಇಡುತ್ತಿದ್ದೇನೆ.

ಪಿಸ್ತೂಲಿನ ಸ್ಪರ್ಧೆ ನಮಗೆ ಹೊಸತೇನಲ್ಲ. ೨೦೧೨ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ ಕುಮಾರ್ ಬೆಳ್ಳಿ ಗೆದ್ದದ್ದು, ೨೦೨೪ರಲ್ಲಿ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ತಂದದ್ದು ನಿಮಗೆ ನೆನಪಿರಬಹುದು. ಕೊಡಗಿನವರಿಗಂತೂ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಕೋವಿ ಹಾರಿಸುವುದು ಹಬ್ಬದ ಒಂದು ಅಂಗವೇ ಆಗಿದೆ. ಆದರೆ ಇಲ್ಲೆಲ್ಲ ಮ್ಯಾಗಜಿನ್ನಿನ ಪ್ರಶ್ನೆ ದೊಡ್ಡದಲ್ಲ. ಹತ್ತು ಮೀಟರಿನ ಗಾಳಿ ಪಿಸ್ತೂಲಿಗೆ ಒಂದೊಂದೇ ಗುಂಡನ್ನು ಕೈಯಿಂದ ಹಾಕಬೇಕು. ವಿಜಯ ಕುಮಾರರು ಗೆದ್ದ ಇಪ್ಪತ್ತೈದು ಮೀಟರಿನ ಶೀಘ್ರ ಸ್ಪರ್ಧೆಯಲ್ಲಿ ಒಂದು ಸರಣಿಗೆ ಐದೇ ಗುಂಡು. ಎಂಟು, ಆರು, ನಾಲ್ಕು ಸೆಕೆಂಡುಗಳ ಗಡುವಿನಲ್ಲಿ ಐದು ಗುರಿಗಳಿಗೆ ಐದನ್ನು ಹೊಡೆದರೆ ಮುಗಿಯಿತು. ಡಬ್ಬಿಯಲ್ಲಿ ಆರನೆಯದಕ್ಕೆ ಕೆಲಸವೇ ಇಲ್ಲ.

ಕೆಲವು ವರ್ಷ ನಾನು ಅಮೆರಿಕದಲ್ಲಿದ್ದಾಗ ಬೇರೊಂದು ಬಗೆಯ ಸ್ಪರ್ಧೆಯನ್ನು ನೋಡಿದೆ. ಮೊದಮೊದಲು ಭಾನುವಾರಗಳಲ್ಲಿ ಬೇಲಿಯಾಚೆ ನಿಂತು ನೋಡುತ್ತಿದ್ದೆ. ಬರಬರುತ್ತ ಬೇಲಿಯೊಳಗೆ ಬಂದೆ. ಅಲ್ಲಿ ಅದಕ್ಕೆ 'ಪ್ರಾಕ್ಟಿಕಲ್ ಶೂಟಿಂಗ್' ಎನ್ನುತ್ತಾರೆ. ಇದರ ಅಂತರರಾಷ್ಟ್ರೀಯ ಸಂಸ್ಥೆಯಾದ ಐ.ಪಿ.ಎಸ್.ಸಿ. ಹುಟ್ಟಿದ್ದು ೧೯೭೬ರಲ್ಲಿ, ಮಿಸ್ಸೂರಿ ಸಂಸ್ಥಾನದ ಕೊಲಂಬಿಯಾ ಎಂಬ ಊರಿನಲ್ಲಿ; ಜೆಫ್ ಕೂಪರ್ ಎಂಬುವರು ಅದರ ಮೊದಲ ಅಧ್ಯಕ್ಷರು. ಅಮೆರಿಕದ ಶಾಖೆಯಾದ ಯು.ಎಸ್.ಪಿ.ಎಸ್.ಎ. ೧೯೮೪ರಲ್ಲಿ ಬಂತು. ಈ ಆಟದಲ್ಲಿ ಸ್ಪರ್ಧಿ ಒಂದು ಕಡೆ ನಿಂತಿರುವುದಿಲ್ಲ. ಮರದ ಚೌಕಟ್ಟು, ಬಲೆಯ ಗೋಡೆ, ಕಿಟಕಿ, ಪೀಪಾಯಿ ಇವುಗಳ ನಡುವೆ ಓಡಾಡುತ್ತ, ಅಲ್ಲಲ್ಲಿ ಮರೆಯಾಗಿರುವ ರಟ್ಟಿನ ಗುರಿಗಳಿಗೂ ಉಕ್ಕಿನ ತಟ್ಟೆಗಳಿಗೂ ಹೊಡೆಯಬೇಕು. ಇಂಥ ಒಂದು ಏರ್ಪಾಡಿಗೆ 'ಸ್ಟೇಜ್' ಎಂದು ಹೆಸರು. ದೊಡ್ಡ ಸ್ಟೇಜಿನಲ್ಲಿ ಮೂವತ್ತೆರಡು ಗುಂಡುಗಳವರೆಗೆ ಬೇಕಾಗುತ್ತದೆ. ಪಿಸ್ತೂಲಿನಲ್ಲಿ ಅಷ್ಟು ಹಿಡಿಸದು. ಆದ್ದರಿಂದ ನಡುವೆ ಖಾಲಿ ಮ್ಯಾಗಜಿನ್ನನ್ನು ಬೀಳಿಸಿ, ಸೊಂಟದ ಪಟ್ಟಿಯಿಂದ ಇನ್ನೊಂದನ್ನು ಕಿತ್ತು ತೂರಿಸಬೇಕು. ಡಬ್ಬಿಯ ಪ್ರಶ್ನೆ ಏಳುವುದು ಇಲ್ಲಿ.

ಅಂಕ ಹಾಕುವ ಕ್ರಮವನ್ನು ಸ್ವಲ್ಪ ತಾಳ್ಮೆಯಿಂದ ಕೇಳಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಗುರಿಯ ನಟ್ಟನಡುವೆ ಬಿದ್ದ ಗುಂಡಿಗೆ ಐದು ಅಂಕ. ಪಕ್ಕಕ್ಕೆ ಸರಿದಂತೆ ನಾಲ್ಕೋ ಮೂರೋ ಎರಡೋ ಒಂದೋ. ಗುರಿ ತಪ್ಪಿದರೆ ಹತ್ತು ಕಳೆಯುತ್ತಾರೆ. ಒಟ್ಟು ಅಂಕವನ್ನು ತಗುಲಿದ ಸೆಕೆಂಡುಗಳಿಂದ ಭಾಗಿಸುತ್ತಾರೆ. ಬಂದ ಭಾಗಲಬ್ಧವೇ ನಿಮ್ಮ ಫಲ. ಮೂವತ್ತೆರಡು ಗುಂಡಿನ ಸ್ಟೇಜಿನಲ್ಲಿ ಪೂರ್ಣಾಂಕ ೧೬೦. ನೀವು ಇಪ್ಪತ್ತು ಸೆಕೆಂಡಿನಲ್ಲಿ ೧೫೦ ಗಳಿಸಿದಿರಿ ಎನ್ನೋಣ. ನಿಮ್ಮ ಫಲ ೭.೫೦. ನಡುವೆ ಒಂದು ಕಡೆ ಸುಮ್ಮನೆ ನಿಂತು ಮ್ಯಾಗಜಿನ್ ಬದಲಾಯಿಸಿ ೧.೨ ಸೆಕೆಂಡು ಕಳೆದಿರಿ, ಫಲ ೭.೦೮ಕ್ಕೆ ಇಳಿಯಿತು. ಬದಲಾಯಿಸುವಾಗ ತೋಟಾ ಸಿಕ್ಕಿಕೊಂಡು ಅದನ್ನು ಬಿಡಿಸಲು ನಾಲ್ಕು ಸೆಕೆಂಡು ಹೋಯಿತು ಎನ್ನಿ; ಫಲ ೬.೨೫. ಕೈಯೂ ಕಣ್ಣೂ ಎಷ್ಟು ಚುರುಕಾಗಿದ್ದರೇನು, ಒಂದು ಸ್ಪ್ರಿಂಗು ಸೋತದ್ದಕ್ಕೆ ಮೂರು ಬದಲಾವಣೆಗಿಂತ ಹೆಚ್ಚಿನ ದಂಡ ತೆತ್ತ ಹಾಗಾಯಿತು.

ಒಲಿಂಪಿಕ್ಸ್‌ನ ಇಪ್ಪತ್ತೈದು ಮೀಟರಿನ ಸ್ಪರ್ಧೆಗಳಲ್ಲಿ ಪಿಸ್ತೂಲು ಕೈಕೊಟ್ಟರೆ, ದೋಷ ಸ್ಪರ್ಧಿಯದಲ್ಲವೆಂದು ತೀರ್ಪುಗಾರರು ಒಪ್ಪಿದಾಗ ಆ ಸರಣಿಯನ್ನು ಮತ್ತೆ ಹೊಡೆಯುವ ಅವಕಾಶವುಂಟು. ಗಾಳಿ ಪಿಸ್ತೂಲಿನಲ್ಲಿ ಹಾಗಲ್ಲ: ೨೦೨೧ರ ಜುಲೈನಲ್ಲಿ ಟೋಕಿಯೋದಲ್ಲಿ ಮನು ಭಾಕರರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಕೆಟ್ಟು, ಅದನ್ನು ಸರಿಪಡಿಸುವುದರಲ್ಲೇ ಹಲವು ನಿಮಿಷಗಳು ಕಳೆದುಹೋದವು, ಅಂತಿಮ ಸುತ್ತಿನ ಬಾಗಿಲು ಅವರಿಗೆ ತೆರೆಯಲೇ ಇಲ್ಲ. ನಾನು ಹೇಳುತ್ತಿರುವ ಆಟದಲ್ಲೂ ಗಡಿಯಾರ ಯಾರಿಗಾಗಿಯೂ ನಿಲ್ಲುವುದಿಲ್ಲ. ನಿಮ್ಮ ಪಿಸ್ತೂಲು, ನಿಮ್ಮ ಮ್ಯಾಗಜಿನ್, ನಿಮ್ಮ ಹೊಣೆ.

ಹಾಗಾದರೆ ಆದಷ್ಟು ಹೆಚ್ಚು ತೋಟಾ ಹಿಡಿಸುವ ಮ್ಯಾಗಜಿನ್ನನ್ನೇ ಕೊಂಡರೆ ಸರಿಯಲ್ಲವೆ ಎಂದು ನೀವು ಕೇಳಬಹುದು. ಹೊಸಬರೆಲ್ಲ ಹೀಗೆಯೇ ಯೋಚಿಸುತ್ತಾರೆ; ನಾನೂ ಯೋಚಿಸಿದೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಗ್ಲಾಕ್ ೧೭ ಎಂಬ ಪಿಸ್ತೂಲಿನ ಮಾಮೂಲು ಮ್ಯಾಗಜಿನ್ನಿನಲ್ಲಿ ಹದಿನೇಳು ತೋಟಾ. ಸ್ಪರ್ಧೆಯಲ್ಲಿ ನಳಿಗೆಯೊಳಗೆ ಮೊದಲೇ ಒಂದನ್ನು ಸೇರಿಸಿ, ಆಮೇಲೆ ತುಂಬಿದ ಮ್ಯಾಗಜಿನ್ ಹಾಕಿ ಹೊರಡುವುದರಿಂದ ಹದಿನೆಂಟು. ಒಂದು ಸಲ ಬದಲಾಯಿಸಿದರೆ ಒಟ್ಟು ಮೂವತ್ತೈದು. ಅದೇ ಮ್ಯಾಗಜಿನ್ನಿಗೆ ತಳದಲ್ಲಿ ಉದ್ದನೆಯ ಬೇಸ್ ಪ್ಯಾಡ್ ಹಾಕಿ ಇಪ್ಪತ್ತಮೂರು ಹಿಡಿಸುವಂತೆ ಮಾಡಿದಿರಿ. ಈಗ ಮೊದಲಿಗೆ ಇಪ್ಪತ್ತನಾಲ್ಕು, ಒಂದು ಬದಲಾವಣೆಗೆ ಒಟ್ಟು ನಲವತ್ತೇಳು. ಮೂವತ್ತೆರಡು ಗುಂಡಿನ ಸ್ಟೇಜಿಗೆ ಎರಡರಲ್ಲೂ ಒಂದೇ ಬದಲಾವಣೆ! ಆದರೂ ಎರಡರ ನಡುವೆ ಬಹಳ ಅಂತರವಿದೆ. ಹದಿನೆಂಟು ಇಟ್ಟುಕೊಂಡವನು ಮೂರು ಗುಂಡಿಗಿಂತ ಹೆಚ್ಚು ವ್ಯರ್ಥ ಮಾಡುವಂತಿಲ್ಲ. ಬದಲಾವಣೆಯನ್ನೂ ಹದಿನೈದನೆಯ ಗುಂಡಿನಿಂದ ಹದಿನೆಂಟನೆಯದರ ಒಳಗೇ ಮುಗಿಸಬೇಕು. ಆ ಗಳಿಗೆಯಲ್ಲಿ ಅವನು ಒಂದು ಕಿಟಕಿಯ ಮುಂದೆ ನಿಂತು ಹೊಡೆಯುತ್ತಿದ್ದರೆ ಅಲ್ಲೇ ನಿಂತು ಬದಲಾಯಿಸಬೇಕಾಗುತ್ತದೆ. ಇಪ್ಪತ್ತನಾಲ್ಕರವನಾದರೋ ಒಂಬತ್ತನೆಯ ಗುಂಡಿನಿಂದ ಇಪ್ಪತ್ತನಾಲ್ಕನೆಯದರವರೆಗೆ ಎಲ್ಲಿ ದೂರದ ಓಟ ಬರುತ್ತದೋ ಅಲ್ಲಿ, ಕಾಲು ಓಡುತ್ತಿರುವಾಗಲೇ, ಕೈಯ ಕೆಲಸ ಮುಗಿಸಿಕೊಳ್ಳುತ್ತಾನೆ. ಹೇಗೂ ಓಡಬೇಕಾದ ಹೊತ್ತಿನಲ್ಲಿ ಮಾಡಿದ ಬದಲಾವಣೆಗೆ ಬೆಲೆ ಇಲ್ಲ. ನಿಂತು ಮಾಡಿದ್ದಕ್ಕೆ ಉಂಟು. ಉದ್ದದ ಮ್ಯಾಗಜಿನ್ನಿನ ನಿಜವಾದ ಲಾಭ ಈ ಸ್ವಾತಂತ್ರ್ಯವೇ.

ಮಧ್ಯಮ ಸ್ಟೇಜಿನಲ್ಲಿ ಲಾಭ ಇನ್ನೂ ಸ್ಪಷ್ಟ. ಅಮೆರಿಕದ ನಿಯಮದಲ್ಲಿ ಅದಕ್ಕೆ ಇಪ್ಪತ್ತು ಗುಂಡಿನ ಮಿತಿ. ಹದಿನೆಂಟು ಇದ್ದವನು ಕೇವಲ ಎರಡು ಗುಂಡಿಗಾಗಿ ಬದಲಾಯಿಸಬೇಕು. ಇಪ್ಪತ್ತನಾಲ್ಕು ಇದ್ದವನು ಬದಲಾಯಿಸಬೇಕಾಗಿಯೇ ಇಲ್ಲ. ಹನ್ನೆರಡು ಗುಂಡಿನ ಸಣ್ಣ ಸ್ಟೇಜಿನಲ್ಲಿ ಮಾತ್ರ ಇಬ್ಬರೂ ಸಮ.

ಎಷ್ಟು ಉದ್ದ ಮಾಡಬಹುದು ಎಂಬುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಸ್ಪರ್ಧೆಯಲ್ಲಿ ಹಲವು ವಿಭಾಗಗಳುಂಟು. ಪ್ರತಿಯೊಂದಕ್ಕೂ ತನ್ನ ಮಿತಿ. ಅಮೆರಿಕದ 'ಲಿಮಿಟೆಡ್', 'ಕ್ಯಾರಿ ಆಪ್ಟಿಕ್ಸ್' ವಿಭಾಗಗಳಲ್ಲಿ ತೋಟಾಗಳ ಲೆಕ್ಕವಿಲ್ಲ, ಮ್ಯಾಗಜಿನ್ನಿನ ಉದ್ದದ ಲೆಕ್ಕವಿದೆ: ಬೇಸ್ ಪ್ಯಾಡೂ ಸೇರಿ ೧೪೧.೨೫ ಮಿಲಿಮೀಟರು. 'ಓಪನ್' ವಿಭಾಗದಲ್ಲಿ ೧೭೧.೨೫. ಆಡುಮಾತಿನಲ್ಲಿ ಇವನ್ನು ನೂರನಲವತ್ತು, ನೂರೆಪ್ಪತ್ತು ಎಂದೇ ಕರೆಯುತ್ತಾರೆ. ಮೇಲಿನ ಒಂದೂಕಾಲು ಮಿಲಿಮೀಟರು ತಯಾರಿಕೆಯ ಏರುಪೇರಿಗೆ ಬಿಟ್ಟ ರಿಯಾಯಿತಿ. ಅಂತರರಾಷ್ಟ್ರೀಯ ನಿಯಮದ ಓಪನ್‌ನಲ್ಲಿ ೧೭೦ ಎಂದರೆ ೧೭೦. ಅಲ್ಲಿಯ 'ಸ್ಟ್ಯಾಂಡರ್ಡ್' ವಿಭಾಗದ ಕ್ರಮ ನನಗೆ ಬಹಳ ಹಿಡಿಸಿತು: ೨೨೫, ೧೫೦, ೪೫ ಮಿಲಿಮೀಟರಿನ ಒಂದು ಪೆಟ್ಟಿಗೆ ಇಟ್ಟಿರುತ್ತಾರೆ, ಮ್ಯಾಗಜಿನ್ ಸಹಿತ ಪಿಸ್ತೂಲು ಅದರೊಳಗೆ ಕುಳಿತರೆ ಸರಿ, ಇಲ್ಲದಿದ್ದರೆ ಇಲ್ಲ. ವಾದಕ್ಕೆ ಎಡೆಯೇ ಇಲ್ಲ. ಅಂತರರಾಷ್ಟ್ರೀಯ 'ಪ್ರೊಡಕ್ಷನ್' ವಿಭಾಗದಲ್ಲಿ ಡಬ್ಬಿ ಎಷ್ಟೇ ಹಿಡಿಸಲಿ, ಆಟ ಶುರುವಾದ ಮೇಲೆ ಹದಿನೈದಕ್ಕಿಂತ ಹೆಚ್ಚು ತುಂಬುವಂತಿಲ್ಲ. ಒಂದೇ ಸಾಲಿನ ಹಳೆಯ ಮಾದರಿಯ ಪಿಸ್ತೂಲುಗಳಿಗೆಂದು ಅಮೆರಿಕದಲ್ಲಿ ಇರುವ ವಿಭಾಗದಲ್ಲಿ, ಶಕ್ತಿಯ ತೋಟಾಕ್ಕೆ ಎಂಟು, ಸೌಮ್ಯ ತೋಟಾಕ್ಕೆ ಹತ್ತು. ಇಂಥ ವಿಭಾಗವನ್ನು ನೀವು ಆರಿಸಿಕೊಂಡಿದ್ದರೆ ಉದ್ದದ ಬೇಸ್ ಪ್ಯಾಡಿಗೆ ಹಣ ಹಾಕಬೇಡಿ. ಅದರಿಂದ ನಿಮಗೆ ಒಂದು ಗುಂಡೂ ಹೆಚ್ಚು ದೊರೆಯುವುದಿಲ್ಲ.

ಆಟದ ನಿಯಮಕ್ಕಿಂತ ಮೊದಲು ದೇಶದ ಕಾನೂನು. ೧೯೯೪ರಿಂದ ೨೦೦೪ರವರೆಗೆ ಹತ್ತಕ್ಕಿಂತ ಹೆಚ್ಚು ಹಿಡಿಸುವ ಹೊಸ ಮ್ಯಾಗಜಿನ್ನನ್ನು ಜನರಿಗಾಗಿ ತಯಾರಿಸುವುದನ್ನು ಅಮೆರಿಕದ ಕೇಂದ್ರ ಕಾನೂನು ತಡೆದಿತ್ತು. ಹತ್ತು ತೋಟಾದ ವಿಭಾಗಗಳು ಬಂದುದರ ಹಿನ್ನೆಲೆ ಅದೇ. ಆ ಕಾನೂನಿನ ಅವಧಿ ಮುಗಿಯಿತು. ಆದರೆ ಕ್ಯಾಲಿಫೋರ್ನಿಯಾ ೨೦೦೦ದ ಜನವರಿಯಿಂದ ಅಂಥವುಗಳ ಮಾರಾಟವನ್ನು ನಿಷೇಧಿಸಿತು. ಬೇರೆ ಕೆಲವು ಸಂಸ್ಥಾನಗಳಲ್ಲೂ ಇಂಥ ಕಟ್ಟಳೆಗಳು ಬಂದಿವೆ. ಪಕ್ಕದ ಸಂಸ್ಥಾನಕ್ಕೆ ಸ್ಪರ್ಧೆಗೆಂದು ಕಾರಿನಲ್ಲಿ ಹೊರಟವನು ಗಡಿ ದಾಟುವ ಮುನ್ನ ಇದನ್ನು ವಿಚಾರಿಸಿಕೊಳ್ಳಬೇಕು. ನಮ್ಮ ದೇಶದಲ್ಲಂತೂ ೧೯೫೯ರ ಶಸ್ತ್ರಾಸ್ತ್ರ ಕಾನೂನು ಬಿಗಿಯಾದದ್ದು. ಒಂಬತ್ತು ಮಿಲಿಮೀಟರಿನ ಪಿಸ್ತೂಲು ಸಾಮಾನ್ಯ ನಾಗರಿಕನ ಲೈಸೆನ್ಸಿಗೆ ಸಿಕ್ಕುವಂಥದಲ್ಲ. ಆದ್ದರಿಂದ ಕೊಳ್ಳುವ ಮಾತು ಅಲ್ಲಿ ನೆಲಸಿರುವ ನಿಮ್ಮ ಮಗನಿಗೋ ಸೊಸೆಗೋ ಅನ್ವಯಿಸೀತು. ತಿಳಿದುಕೊಳ್ಳುವ ಸಂತೋಷ ನಮ್ಮೆಲ್ಲರದು.

ಇನ್ನು ಡಬ್ಬಿಯ ಒಳಗೆ ಇಣುಕೋಣ. ನಿಮ್ಮ ಮನೆಯ ಬ್ಯಾಟರಿ ಟಾರ್ಚನ್ನು ನೆನೆಸಿಕೊಳ್ಳಿ. ಹಿಂದಿನ ಮುಚ್ಚಳವನ್ನು ತಿರುಪಿದರೆ ಒಳಗೊಂದು ಸ್ಪ್ರಿಂಗು. ಅದು ಸೆಲ್ಲುಗಳನ್ನು ಬಲ್ಬಿನ ಕಡೆಗೆ ಒತ್ತಿ ಹಿಡಿದಿರುತ್ತದೆ. ಮ್ಯಾಗಜಿನ್ನೂ ಹೀಗೆಯೇ. ಸೆಲ್ಲಿನ ಜಾಗದಲ್ಲಿ ತೋಟಾಗಳು; ಅವುಗಳ ಕೆಳಗೆ 'ಫಾಲೋವರ್' ಎಂಬ ಸಣ್ಣ ಮಣೆ; ಮಣೆಯ ಕೆಳಗೆ ಸ್ಪ್ರಿಂಗು; ಅದರ ಕೆಳಗೆ ತಳದ ಮುಚ್ಚಳ, ಎಂದರೆ ಬೇಸ್ ಪ್ಯಾಡ್. ಮೇಲ್ಗಡೆ ಎರಡು ಅಂಚುಗಳು ಒಳಕ್ಕೆ ಬಾಗಿ ತೋಟಾ ಹಾರಿಹೋಗದಂತೆ ತಡೆದಿರುತ್ತವೆ. ಇವಕ್ಕೆ ತುಟಿಗಳೆಂದೇ ಹೆಸರು. ಜಾನ್ ಬ್ರೌನಿಂಗರ ೧೯೧೧ರ ಪಿಸ್ತೂಲಿನಲ್ಲಿ ಏಳು ತೋಟಾಗಳು ಒಂದೇ ಸಾಲಾಗಿ ಕೂತಿದ್ದವು. ೧೯೩೫ರ ಬ್ರೌನಿಂಗ್ ಹೈಪವರ್‌ನಲ್ಲಿ ಅವು ಎಡಬಲವಾಗಿ ಎರಡು ಸಾಲಾಗಿ ಹದಿಮೂರಾದವು. ಎರಡು ಸಾಲಿನಲ್ಲಿ ಬಂದ ಮಕ್ಕಳು ಶಾಲೆಯ ಬಾಗಿಲಲ್ಲಿ ಒಂದೇ ಸಾಲಾಗುವಂತೆ, ತುಟಿಗಳ ಹತ್ತಿರ ಬಂದಾಗ ಈ ತೋಟಾಗಳೂ ಒಂದೇ ಸಾಲಾಗಬೇಕು. ನೂಕುನುಗ್ಗಲು ಆಗುವುದೂ ಆ ಬಾಗಿಲಲ್ಲೇ.

ಗುಂಡು ಹಾರಿದಾಗ ಪಿಸ್ತೂಲಿನ ಮೇಲಿನ ಭಾಗವಾದ ಸ್ಲೈಡು ಹಿಂದಕ್ಕೆ ಸರಿದು, ಖಾಲಿ ತೋಟಾವನ್ನು ಹೊರಗೆಸೆದು, ಮುಂದಕ್ಕೆ ಬರುವಾಗ ಹೊಸದನ್ನು ತಳ್ಳಿಕೊಂಡು ಹೋಗುತ್ತದೆ. ಇದೆಲ್ಲ ಸೆಕೆಂಡಿನ ನೂರರಲ್ಲಿ ಕೆಲವೇ ಪಾಲಿನಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಸ್ಪ್ರಿಂಗು ಇಡೀ ಕಂಬವನ್ನು ಒಂದು ತೋಟಾದಷ್ಟು ಮೇಲೆತ್ತಿ ನಿಲ್ಲಿಸಿರಬೇಕು. ಹದಿನೇಳನ್ನು ಎತ್ತಲೆಂದು ಮಾಡಿದ ಸ್ಪ್ರಿಂಗಿಗೆ ನೀವು ಇಪ್ಪತ್ತಮೂರರ ಹೊರೆ ಹೊರಿಸಿದಿರಿ. ತಳವನ್ನೂ ಕೆಳಕ್ಕೆ ಇಳಿಸಿದಿರಿ. ತುಂಬಿದಾಗ ಹೊರೆ ಹೆಚ್ಚು. ಕೊನೆಯ ಎರಡು ಮೂರು ತೋಟಾ ಉಳಿದಾಗ ಸ್ಪ್ರಿಂಗು ಪೂರ್ತಿ ಚಾಚಿಕೊಂಡು ಅದರ ಕಸುವು ಇಳಿದಿರುತ್ತದೆ. ಟಾರ್ಚಿಗೆ ಇನ್ನೂ ಒಂದು ಸೆಲ್ಲಿನಷ್ಟು ಉದ್ದದ ಮುಚ್ಚಳ ಹಾಕಿ ಹಳೆಯ ಸ್ಪ್ರಿಂಗನ್ನೇ ಬಿಟ್ಟರೆ ದೀಪ ಮಿಣುಕುವುದಿಲ್ಲವೆ, ಹಾಗೆ. ಸ್ಲೈಡು ಬಂದಾಗ ತೋಟಾ ಇನ್ನೂ ಮೇಲೆ ಬಂದಿಲ್ಲ; ಬಂದಿದ್ದರೂ ಮೂಗು ಕೆಳಕ್ಕೆ ಮಾಡಿ ನಿಂತಿದೆ. ಸ್ಲೈಡು ಅದನ್ನು ಅಡ್ಡವಾಗಿ ಒತ್ತಿ ಹಿಡಿದು ನಿಲ್ಲುತ್ತದೆ. ಮೇಲೆ ಲೆಕ್ಕ ಹಾಕಿದ ನಾಲ್ಕು ಸೆಕೆಂಡುಗಳು ಹೋಗುವುದು ಹೀಗೆ.

ಅದಕ್ಕೇ ನನ್ನ ಮೊದಲ ಸಲಹೆ: ಬೇಸ್ ಪ್ಯಾಡನ್ನು ಒಂಟಿಯಾಗಿ ಕೊಳ್ಳಬೇಡಿ, ಅದಕ್ಕೆಂದೇ ಮಾಡಿದ ಉದ್ದದ ಸ್ಪ್ರಿಂಗಿನೊಡನೆ, ಬೇಕಾದಲ್ಲಿ ಫಾಲೋವರಿನೊಡನೆ ಕೊಳ್ಳಿ. ಸ್ಪ್ರಿಂಗು ಬಿಗಿಯಾದಷ್ಟೂ ಒಳ್ಳೆಯದೆಂದೂ ತಿಳಿಯಬೇಡಿ. ಅತಿ ಬಿಗಿಯಾದದ್ದು ಮೇಲಿನ ತೋಟಾವನ್ನು ಸ್ಲೈಡಿನ ಹೊಟ್ಟೆಗೆ ಒತ್ತಿ ಉಜ್ಜಿಸುತ್ತದೆ. ಸೌಮ್ಯ ತೋಟಾ ಬಳಸುವವರ ಪಿಸ್ತೂಲು ಅದರಿಂದಲೇ ಮಂಕಾಗುತ್ತದೆ.

ತೋಟಾದ ದಪ್ಪವನ್ನೂ ಗಮನಿಸಿ. ಒಂದೇ ನೂರನಲವತ್ತರ ಡಬ್ಬಿಯಲ್ಲಿ ಒಂಬತ್ತು ಮಿಲಿಮೀಟರಿನವು ಸುಮಾರು ಇಪ್ಪತ್ತಮೂರು ಕೂತರೆ, ಪಾಯಿಂಟ್ ನಲವತ್ತರ ದಪ್ಪ ತೋಟಾಗಳು ಸುಮಾರು ಇಪ್ಪತ್ತು. ಲಿಮಿಟೆಡ್ ವಿಭಾಗದಲ್ಲಿ ದಪ್ಪ ತೋಟಾಕ್ಕೆ ಒಂದು ಸವಲತ್ತುಂಟು: ಶಕ್ತಿ ಸಾಕಷ್ಟಿದ್ದರೆ, ನಡುವಿನಿಂದ ಸರಿದು ಬಿದ್ದ ಗುಂಡಿಗೆ ಮೂರರ ಬದಲು ನಾಲ್ಕು ಅಂಕ. ಮೂರು ಗುಂಡು ಹೆಚ್ಚೋ ಒಂದು ಅಂಕ ಹೆಚ್ಚೋ ಎಂಬುದು ಅಲ್ಲಿಯ ಚಹಾ ಹೊತ್ತಿನ ಚರ್ಚೆ. ಅದು ಮುಗಿದುದನ್ನು ನಾನು ನೋಡಲಿಲ್ಲ. ನಟ್ಟನಡುವೆಯೇ ಹೊಡೆಯಬಲ್ಲವನಿಗೆ ಆ ನಾಲ್ಕನೆಯ ಅಂಕ ಬೇಕಿಲ್ಲ ಎಂಬುದು ಮಾತ್ರ ನಿಜ.

ಬೇಸ್ ಪ್ಯಾಡನ್ನು ಪ್ಲಾಸ್ಟಿಕ್, ಅಲ್ಯುಮಿನಿಯಂ, ಹಿತ್ತಾಳೆ ಮೂರರಲ್ಲೂ ಮಾಡುತ್ತಾರೆ. ಪ್ಲಾಸ್ಟಿಕ್ಕಿನದು ಅಗ್ಗ, ಹಗುರ. ಜಲ್ಲಿಕಲ್ಲಿನ ನೆಲದ ಮೇಲೆ ಪದೇ ಪದೇ ಬಿದ್ದು ಸೀಳುವುದೂ ಉಂಟು. ಅಲ್ಯುಮಿನಿಯಮ್ಮಿನದು ಬಹುಮಂದಿಯ ಆಯ್ಕೆ, ನನ್ನದೂ ಅದೇ. ಹಿತ್ತಾಳೆಯದು ಭಾರ. ಗುಂಡಿ ಒತ್ತಿದೊಡನೆ ಖಾಲಿ ಮ್ಯಾಗಜಿನ್ ತಟ್ಟನೆ ಕೆಳಗೆ ಬೀಳಲು ಆ ಭಾರ ನೆರವಾಗುತ್ತದೆ; ಪಿಸ್ತೂಲು ಕೈಯಲ್ಲಿ ಸ್ಥಿರವಾಗಿ ನಿಂತಂತೆಯೂ ಕೆಲವರಿಗೆ ಅನ್ನಿಸುತ್ತದೆ. ಆದರೆ ಕೆಲವು ವಿಭಾಗಗಳಲ್ಲಿ ಪಿಸ್ತೂಲಿಗೆ ತೂಕದ ಮಿತಿಯಿದೆ, ಖಾಲಿ ಮ್ಯಾಗಜಿನ್ ಹಾಕಿಯೇ ತೂಗುತ್ತಾರೆ. ಹಿತ್ತಾಳೆಗೆ ಮನಸೋಲುವ ಮೊದಲು ತಕ್ಕಡಿಯನ್ನು ಕೇಳಿ. ಪ್ಯಾಡ್ ಡಬ್ಬಿಗೆ ಹೇಗೆ ಕಚ್ಚಿಕೊಳ್ಳುತ್ತದೆ ಎಂಬುದನ್ನೂ ನೋಡಿ. ಬರೀ ಬಿಗುವಿನ ಮೇಲೆ ನಿಂತದ್ದು, ತುಂಬಿದ ಮ್ಯಾಗಜಿನ್ ಕೈಜಾರಿ ಬಿದ್ದಾಗ ಕಳಚಿಕೊಳ್ಳಬಹುದು. ಆಗ ಸ್ಪ್ರಿಂಗೂ ಇಪ್ಪತ್ತಮೂರು ತೋಟಾಗಳೂ ಹುಲ್ಲಿನ ಪಾಲು. ಒಳಗೊಂದು ಬೀಗದ ಪಟ್ಟಿಯೋ ಸಣ್ಣ ತಿರುಪೋ ಇದ್ದದ್ದು ಮೇಲು.

ತಯಾರಕರು ಹೇಳುವ ಸಂಖ್ಯೆಯನ್ನು ಹಾಗೆಯೇ ನಂಬಬೇಡಿ. ಇಪ್ಪತ್ತನಾಲ್ಕು ಹಿಡಿಸುತ್ತದೆ ಎಂದರೆ ಹೆಬ್ಬೆರಳು ನೋಯುವಷ್ಟು ಒತ್ತಿದರೆ ಇಪ್ಪತ್ತನಾಲ್ಕು ಹಿಡಿಸುತ್ತದೆ ಎಂದಷ್ಟೇ. ನಿಮಗೆ ಬೇಕಾದ ಸಂಖ್ಯೆ ಬೇರೆ. ಓಡುತ್ತ ಬದಲಾಯಿಸುವಾಗ ಸ್ಲೈಡು ಮುಚ್ಚಿರುತ್ತದೆ. ಮುಚ್ಚಿದ ಸ್ಲೈಡಿನ ಕೆಳಗೆ ಮ್ಯಾಗಜಿನ್ ಸೇರಬೇಕಾದರೆ ಮೇಲಿನ ತೋಟಾ ಒಂದಿಷ್ಟು ಕೆಳಕ್ಕೆ ತಗ್ಗಬೇಕು. ಡಬ್ಬಿ ಕಿಕ್ಕಿರಿದಿದ್ದರೆ ತಗ್ಗಲು ಎಡೆಯೆಲ್ಲಿ? ನೀವು ಅಂಗೈಯಿಂದ ಗುದ್ದಿದಿರಿ, ಮ್ಯಾಗಜಿನ್ ಕೂತಂತೆ ಕಂಡಿತು, ಕೊಕ್ಕೆ ಮಾತ್ರ ಕಚ್ಚಲಿಲ್ಲ. ನಳಿಗೆಯಲ್ಲಿದ್ದ ಒಂದು ಗುಂಡು ಹಾರಿತು. ಮ್ಯಾಗಜಿನ್ ಕಾಲ ಬಳಿ ಬಿತ್ತು. ನೋಡುತ್ತ ನಿಂತವರಿಗೆ ಇದು ನಗೆಯ ನೋಟ. ಮುನ್ನೂರು ಮೈಲಿ ಕಾರು ಓಡಿಸಿ ಬಂದವನಿಗೆ ಅಲ್ಲ.

ಪರೀಕ್ಷೆ ಸುಲಭ. ಗುಂಡು ಹಾರಿಸುವ ಅಂಕಣದಲ್ಲಿಯೇ, ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆಗೆ ಹಿಡಿದು, ಬೆರಳನ್ನು ಕುದುರೆಯಿಂದ ದೂರವಿಟ್ಟು, ಪೂರ್ತಿ ತುಂಬಿದ ಮ್ಯಾಗಜಿನ್ನನ್ನು ಮುಚ್ಚಿದ ಸ್ಲೈಡಿನ ಕೆಳಗೆ ನಿಮ್ಮ ಮಾಮೂಲು ಹೊಡೆತದಿಂದ ಸೇರಿಸಿ. ಕೆಳಗೆ ಎಳೆದು ನೋಡಿ. ಹತ್ತಕ್ಕೆ ಹತ್ತು ಸಲವೂ ಕೂತರೆ ಆ ಸಂಖ್ಯೆ ನಿಮ್ಮದು. ಒಂದು ಸಲ ತಪ್ಪಿದರೂ ಒಂದು ತೋಟಾ ಕಡಿಮೆ ಮಾಡಿ. ಇಪ್ಪತ್ತಮೂರರ ಡಬ್ಬಿಗೆ ಇಪ್ಪತ್ತೆರಡೇ ಹಾಕುವುದರಲ್ಲಿ ಅವಮಾನವೇನೂ ಇಲ್ಲ. ಹೊಸ ಸ್ಪ್ರಿಂಗು ಕೆಲವು ದಿನ ತುಂಬಿ ಇಟ್ಟರೆ ಸ್ವಲ್ಪ ಪಳಗುತ್ತದೆ. ಆಗ ಇನ್ನೊಮ್ಮೆ ನೋಡಬಹುದು. ಹಿಡಿಯ ಬಾಯಿಗೆ ಆಲಿಕೆಯಂಥ ಅಗಲವಾದ ಮ್ಯಾಗ್‌ವೆಲ್ ಹಾಕಿದ್ದರೆ, ಪ್ಯಾಡ್ ಅದಕ್ಕಿಂತ ಕೆಳಗೆ ಚಾಚಿದೆಯೇ, ಅಂಗೈಗೆ ಸಿಗುತ್ತದೆಯೇ ನೋಡಿಕೊಳ್ಳಿ. ಸಿಗದಿದ್ದರೆ ಮ್ಯಾಗಜಿನ್ನಿನ ಬದಲು ಮ್ಯಾಗ್‌ವೆಲ್ಲನ್ನೇ ಗುದ್ದುತ್ತಿರುತ್ತೀರಿ.

ಉದ್ದದ ಅಳತೆಯ ವಿಷಯದಲ್ಲಿ ನಾನೇ ಪಾಠ ಕಲಿತವನು. ಲಿಮಿಟೆಡ್ ವಿಭಾಗಕ್ಕೆಂದು ನಾಲ್ಕು ಮ್ಯಾಗಜಿನ್ ಕೊಂಡು ಮನೆಯಲ್ಲೇ ಅಳೆದು ಸರಿಯೆಂದುಕೊಂಡಿದ್ದೆ. ಆಮೇಲೆ ಎರಡಕ್ಕೆ ಬಿಗಿ ಸ್ಪ್ರಿಂಗು ಹಾಕಿದೆ. ಪ್ಯಾಡುಗಳನ್ನೂ ಒಂದರದ್ದು ಇನ್ನೊಂದಕ್ಕೆ ಬದಲಾಯಿಸಿದೆ. ಸ್ಪರ್ಧೆಯ ದಿನ ತಪಾಸಣೆಯ ಮೇಜಿನಲ್ಲಿ ಉಕ್ಕಿನ ಗೇಜು ಇಟ್ಟಿದ್ದರು, ಬಡಗಿ ಕೆಲಸದ ಅಚ್ಚಿನಂಥ ಒಂದು ಕಚ್ಚುಪಟ್ಟಿ. ಮೂರು ಮ್ಯಾಗಜಿನ್ ಜಾರಿ ಹೋದವು. ನಾಲ್ಕನೆಯದು ನಿಂತಿತು. ಪ್ಯಾಡಿನಲ್ಲಿದ್ದ ಕೂದಲೆಳೆಯ ಸಡಿಲವನ್ನು ಬಿಗಿ ಸ್ಪ್ರಿಂಗು ಕೆಳಕ್ಕೆ ನೂಕಿ ಹಿಡಿದಿತ್ತು! ಅಧಿಕಾರಿ ಒಳ್ಳೆಯವರು, ಎರಡು ಸಲ ಹಾಕಿ ನೋಡಿದರು. ಆದರೆ ನಿಯಮ ನಿಯಮವೇ. ಅದೇ ಮ್ಯಾಗಜಿನ್ನಿನಲ್ಲಿ ಆಗಲೇ ಒಂದು ಸ್ಟೇಜ್ ಹೊಡೆದಿದ್ದೆನಾದ್ದರಿಂದ ನನ್ನನ್ನು ಓಪನ್ ವಿಭಾಗಕ್ಕೆ ಸೇರಿಸಿದರು. ನಳಿಗೆಯ ತುದಿಗೆ ಎಗರು ತಡೆಯುವ ಸಾಧನ, ಮೇಲೆ ಕೆಂಪು ಚುಕ್ಕೆಯ ದರ್ಶಕ, ಕೆಳಗೆ ನೂರೆಪ್ಪತ್ತರ ಮ್ಯಾಗಜಿನ್ ಇಟ್ಟುಕೊಂಡವರ ನಡುವೆ ನನ್ನ ಸಾದಾ ಪಿಸ್ತೂಲು! ಫಲಿತಾಂಶದ ಪಟ್ಟಿಯಲ್ಲಿ ನನ್ನ ಹೆಸರನ್ನು ಕೆಳಗಿನಿಂದ ಹುಡುಕುವುದು ಸುಲಭವಾಗಿತ್ತು. ಅಂದಿನಿಂದ ನನ್ನ ಚೀಲದಲ್ಲಿ ಒಂದು ಗೇಜು ಇದೆ. ಭಾಗ ಬದಲಾಯಿಸಿದಾಗಲೆಲ್ಲ ಅಳೆಯುತ್ತೇನೆ. ಒಂದು ಡಬ್ಬಿಯ ಪ್ಯಾಡನ್ನು ಇನ್ನೊಂದಕ್ಕೆ ಹಾಕುವುದನ್ನು ಬಿಟ್ಟಿದ್ದೇನೆ.

ಎಷ್ಟು ಕೊಳ್ಳಬೇಕು? ಉದ್ದದ ವಿಭಾಗಗಳಲ್ಲಿ ಒಂದು ಸ್ಟೇಜಿಗೆ ಎರಡು ಸಾಕೆಂದು ಲೆಕ್ಕ ಹೇಳುತ್ತದೆ. ಆದರೂ ನಾಲ್ಕು ಇರಲಿ. ಸಿಕ್ಕಿಕೊಂಡ ತೋಟಾವನ್ನು ಬಿಡಿಸುವಾಗ ಮ್ಯಾಗಜಿನ್ನನ್ನೇ ಕಿತ್ತೆಸೆಯಬೇಕಾಗುತ್ತದೆ; ಆಗ ಮೂರನೆಯದು ಬೇಕು. ಹತ್ತು ತೋಟಾದ ಮಿತಿ ಇರುವಲ್ಲಿ ಬದಲಾವಣೆಗಳೇ ಮೂರು, ಐದಾರು ಬೇಕು. ಸಾಧ್ಯವಿದ್ದರೆ ಅಭ್ಯಾಸಕ್ಕೆ ಬೇರೆ, ಸ್ಪರ್ಧೆಗೆ ಬೇರೆ ಇಡಿ. ಅಭ್ಯಾಸದಲ್ಲಿ ಸಾವಿರ ಸಲ ನೆಲಕ್ಕೆ ಬಿದ್ದ ಡಬ್ಬಿಯ ತುಟಿಗಳು ಕಣ್ಣಿಗೆ ಕಾಣದಷ್ಟು ಅಗಲವಾಗಿರಬಹುದು. ೨೦೧೧ ಎಂದು ಕರೆಯುವ ಮಾದರಿಯ ಉಕ್ಕಿನ ಮ್ಯಾಗಜಿನ್ನುಗಳಲ್ಲಿ ತುಟಿಗಳನ್ನು ಅಳೆದು ಬಾಗಿಸಿ ಸರಿಪಡಿಸುವ ಕುಶಲರಿದ್ದಾರೆ. ಗ್ಲಾಕಿನದು ಉಕ್ಕಿನ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದು, ಕೆಟ್ಟರೆ ಎಸೆದು ಹೊಸದನ್ನು ಕೊಳ್ಳುವುದೇ. ಬೆಲೆಯಲ್ಲೂ ಅದಕ್ಕೆ ತಕ್ಕ ಅಂತರವಿದೆ. ೨೦೧೧ರ ಒಳ್ಳೆಯ ಮ್ಯಾಗಜಿನ್ ಒಂದರ ಹಣಕ್ಕೆ ಗ್ಲಾಕಿನವು ಹಲವು ಬರುತ್ತವೆ. ಹೊಸಬನಿಗೆ ನಾನು ಯಾವುದನ್ನು ಹೇಳುವೆನೆಂದು ನೀವೇ ಊಹಿಸಿಕೊಳ್ಳಿ.

ಪ್ರತಿಯೊಂದರ ತಳಕ್ಕೂ ಬಣ್ಣದಲ್ಲಿ ಒಂದು, ಎರಡು, ಮೂರು ಎಂದು ಬರೆಯಿರಿ. ತೋಟಾ ಸಿಕ್ಕಿಕೊಂಡ ದಿನ ಯಾವುದರಲ್ಲಿ ಸಿಕ್ಕಿತು ಎಂದು ಚೀಟಿಯಲ್ಲಿ ಗುರುತು ಹಾಕಿ. ಮೂರು ಸಲವೂ ಎರಡನೆಯದೇ ಆಗಿದ್ದರೆ ಪಿಸ್ತೂಲನ್ನು ಬಿಚ್ಚಿ ಕೂರಬೇಕಾ‍ಗಿಲ್ಲ. ಎರಡನೆಯದರ ಸ್ಪ್ರಿಂಗು ಬದಲಿಸಿ. ಎಲ್ಲದರಲ್ಲೂ ಸಿಕ್ಕುತ್ತಿದ್ದರೆ ದೋಷ ಬೇರೆಡೆ ಇದೆ. ಈ ಸಣ್ಣ ಗುರುತು ಇಲ್ಲದೆ ತಿಂಗಳುಗಟ್ಟಲೆ ಪರದಾಡಿದವರನ್ನು ಕಂಡಿದ್ದೇನೆ. ಸೊಂಟದ ಚೀಲಗಳಲ್ಲಿ ತೋಟಾದ ಮೂಗು ಮುಂದಕ್ಕೆ ಬರುವಂತೆ ಇಡುವುದು ವಾಡಿಕೆ. ದಪ್ಪ ಪ್ಯಾಡ್ ಹಾಕಿದ ಮೇಲೆ ಪಕ್ಕಪಕ್ಕದವು ಒಂದಕ್ಕೊಂದು ತಗುಲುತ್ತವೆಯೇ ಎಂದು ನೋಡಿ ಚೀಲಗಳನ್ನು ಸರಿಸಿಕೊಳ್ಳಿ.

ಒಂದು ಕಟ್ಟುನಿಟ್ಟನ್ನು ಹೇಳಲೇಬೇಕು. ಸ್ಪರ್ಧೆಯ ಮೈದಾನದಲ್ಲಿ ಅಧಿಕಾರಿ ಹೇಳುವ ತನಕ ಪಿಸ್ತೂಲು ಖಾಲಿಯಾಗಿ ಒರೆಯಲ್ಲಿರಬೇಕು. ತುಂಬಿದ ಮ್ಯಾಗಜಿನ್ ಸೊಂಟದಲ್ಲಿರಬಹುದು. ಪಿಸ್ತೂಲನ್ನು ತೆಗೆದು ನೋಡಲು ಬೇರೆಯೇ ಒಂದು ಮೂಲೆ ಗೊತ್ತು ಮಾಡಿರುತ್ತಾರೆ. ಆ ಮೂಲೆಯಲ್ಲಿ ತೋಟಾವನ್ನು ಮುಟ್ಟುವಂತಿಲ್ಲ, ಅಭ್ಯಾಸದ ಹುಸಿ ತೋಟಾವನ್ನೂ ಕೂಡ. ತಪ್ಪಿದರೆ ಆ ದಿನದ ಆಟದಿಂದಲೇ ಹೊರಗೆ. ಮೇಲೆ ಹೇಳಿದ ಮ್ಯಾಗಜಿನ್ ಪರೀಕ್ಷೆಯನ್ನು ಸ್ಪರ್ಧೆಯ ಬೆಳಿಗ್ಗೆ ಮಾಡಲಾಗದು ಎಂಬುದಕ್ಕೆ ಇದೇ ಕಾರಣ. ಅದು ಮುಂಚಿನ ವಾರದ ಕೆಲಸ.

ಸ್ಪರ್ಧೆ ಮುಗಿದ ಸಂಜೆ ಬೇಸ್ ಪ್ಯಾಡನ್ನು ಜಾರಿಸಿ ತೆಗೆಯಿರಿ. ಸ್ಪ್ರಿಂಗು ಚಿಮ್ಮಿ ಕಣ್ಣಿಗೆ ತಾಗದಂತೆ ಹೆಬ್ಬೆರಳನ್ನು ಅಡ್ಡವಿಟ್ಟುಕೊಳ್ಳಿ. ಡಬ್ಬಿಯ ಒಳಗನ್ನು ಉದ್ದ ಹಿಡಿಯ ಬ್ರಷ್ಷಿನಿಂದ ಉಜ್ಜಿ ಒಣ ಬಟ್ಟೆಯಿಂದ ಒರಸಿ. ಎಣ್ಣೆ ಹಾಕುವ ಆಸೆ ಬೇಡ. ಎಣ್ಣೆಗೆ ಮಣ್ಣು ಅಂಟುತ್ತದೆ. ಸ್ಪ್ರಿಂಗನ್ನು ತೆಗೆದಾಗ ಅದರ ಯಾವ ತುದಿ ಮೇಲಿತ್ತು, ಯಾವ ಕಡೆಗೆ ಮುಖ ಮಾಡಿತ್ತು ಎಂದು ನೋಡಿಕೊಂಡಿರಿ. ತಿರುವಿ ಹಾಕಿದ ಸ್ಪ್ರಿಂಗಿನ ಮೇಲೆ ಫಾಲೋವರ್ ಓರೆಯಾಗಿ ಕೂರುತ್ತದೆ. ಮುಂದಿನ ಭಾನುವಾರ ಮೊದಲ ಸ್ಟೇಜಿನಲ್ಲೇ ಅದು ನಿಮಗೆ ತಿಳಿದುಬರುತ್ತದೆ.